ಹಿಮಗಾಲದಲ್ಲಿ ಬ್ಯಾಟರಿಯ ನಿದ್ರೆ

ಕೆನಡ ದೇಶದ ವಿನ್ನಿಪೆಗ್ ನಗರದಲ್ಲಿ ಜನವರಿ ತಿಂಗಳ ರಾತ್ರಿ ಉಷ್ಣತೆಯು ಶೂನ್ಯಕ್ಕಿಂತ ೨೦ ಸೆಂಟಿಗ್ರೇಡ್ ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ ಸಂಗತಿ. ಅಂತಹ ಸೀಮೆಯಲ್ಲಿ ‘ಮೋಟಾರ್‌ಹೋಮ್’ ಎಂಬ ವಾಹನವನ್ನು ಇಟ್ಟುಕೊಂಡವರುಂಟು. ಹಾಸಿಗೆ, ಒಲೆ, ನೀರಿನ ತೊಟ್ಟಿ, ದೀಪಗಳೆಲ್ಲವನ್ನೂ ಒಳಗೊಂಡ, ಚಕ್ರಗಳ ಮೇಲಣ ಪುಟ್ಟ ಮನೆಯೇ ಅದು. ಬೇಸಗೆಯಲ್ಲಿ ಅದರಲ್ಲಿ ಊರೂರು ಸುತ್ತಿ, ನವೆಂಬರಿನಲ್ಲಿ ಅಂಗಳದಲ್ಲಿ ನಿಲ್ಲಿಸಿದರೆ, ಏಪ್ರಿಲಿನವರೆಗೆ ಅದರ ಗೊಡವೆಗೆ ಹೋಗುವಂತಿಲ್ಲ. ವಸಂತದಲ್ಲಿ ಬಾಗಿಲು ತೆರೆದಾಗ ದೀಪ ಹತ್ತುವುದಿಲ್ಲ. ಬ್ಯಾಟರಿಯ ಪೆಟ್ಟಿಗೆಯೇ ಬಿರಿದಿರುವುದೂ ಉಂಟು. ‘ಚಳಿಯು ಬ್ಯಾಟರಿಯನ್ನು ಕೊಂದಿತು’ ಎಂದು ಒಡೆಯನು ನೊಂದುಕೊಳ್ಳುವನು. ಆದರೆ ನಿಜವಾದ ಅಪರಾಧಿ ಚಳಿಯೊಂದೇ ಅಲ್ಲ.

ಸೀಸ-ಆಮ್ಲದ ಸಂಚಾಯಕ ಕೋಶವನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ ಎಂಬಾತನು ರಚಿಸಿದನು. ಅದರ ಧನಫಲಕ ಸೀಸದ ಡೈಆಕ್ಸೈಡು, ಋಣಫಲಕ ಸೀಸ. ಇವೆರಡೂ ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಕೋಶವು ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ಕ್ರಿಯೆಯಲ್ಲಿ ಆಮ್ಲವು ವ್ಯಯವಾಗಿ ನೀರು ಹುಟ್ಟುತ್ತದೆ. ಅಂದರೆ, ಬ್ಯಾಟರಿ ಬರಿದಾದಷ್ಟೂ ಅದರ ದ್ರವವು ನೀರಿನ ಗುಣಕ್ಕೆ ಹತ್ತಿರವಾಗುತ್ತದೆ.

ಪೂರ್ತಿ ಚಾರ್ಜಾದ ಕೋಶದಲ್ಲಿ ದ್ರವದ ಸಾಪೇಕ್ಷ ಸಾಂದ್ರತೆ ಸುಮಾರು ೧.೨೬೫. ಅದು ಹೆಪ್ಪುಗಟ್ಟಬೇಕಾದರೆ ಶೂನ್ಯದ ಕೆಳಗೆ ೫೫ ಡಿಗ್ರಿಯನ್ನೂ ದಾಟಬೇಕು. ವಿನ್ನಿಪೆಗ್ಗಿನಲ್ಲಿಯೂ ಅಷ್ಟು ಶೈತ್ಯವಿಲ್ಲ. ಸಾಂದ್ರತೆ ೧.೨೦ಕ್ಕೆ ಇಳಿದರೆ ಹೆಪ್ಪುಗಟ್ಟುವ ಬಿಂದು ಶೂನ್ಯದ ಕೆಳಗೆ ಸುಮಾರು ೨೭ ಡಿಗ್ರಿಗೆ ಏರುತ್ತದೆ. ೧.೧೦ಕ್ಕೆ ಇಳಿದರೋ, ಶೂನ್ಯದ ಕೆಳಗೆ ಕೇವಲ ೮ ಡಿಗ್ರಿ ಸಾಕು. ನೀರು ಮಂಜುಗಡ್ಡೆಯಾಗುವಾಗ ಹಿಗ್ಗುವುದಷ್ಟೆ. ಫಲಕಗಳು ಬಾಗಿ, ಪೆಟ್ಟಿಗೆ ಸೀಳುವುದು ಇದರಿಂದಲೇ.

ತುಂಬಿದ ಬ್ಯಾಟರಿಗೆ ಚಳಿಯು ಹಿತಕಾರಿಯೆಂದರೆ ವಾಚಕರು ಆಶ್ಚರ್ಯಪಟ್ಟಾರು! ಯಾವ ಸಂಪರ್ಕವಿಲ್ಲದಿದ್ದರೂ ಕೋಶದೊಳಗೆ ಮಂದವಾದ ರಾಸಾಯನಿಕ ಕ್ರಿಯೆಯಿಂದ ಚಾರ್ಜು ಸವೆಯುತ್ತಿರುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಉಷ್ಣತೆ ೧೦ ಡಿಗ್ರಿ ಇಳಿದಂತೆಲ್ಲ ಈ ಸವೆತ ಅರ್ಧವಾಗುತ್ತದೆ. ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೇಸಗೆಯ ರಜೆಗೆ ಮುಂಚೆ ಕೋಶಗಳನ್ನು ಚಾರ್ಜು ಮಾಡದೆ ಬೀಗ ಹಾಕಿ, ಜೂನಿನಲ್ಲಿ ಅವನ್ನು ಎಸೆಯಬೇಕಾಗಿ ಬಂದಿತ್ತು. ಸಲ್ಫೇಟು ಬಹುಕಾಲ ಹಾಗೆಯೇ ಉಳಿದರೆ ದೊಡ್ಡ ಗಟ್ಟಿ ಹರಳುಗಳಾಗುತ್ತದೆ. ಮತ್ತೆ ಚಾರ್ಜು ಮಾಡಿದರೂ ಅದು ಕರಗದು. ಅಲ್ಲಿ ಹಿಮವಿರಲಿಲ್ಲ, ನಮ್ಮ ಅಲಕ್ಷ್ಯವಿತ್ತು.

ಹಾಗಾದರೆ ಮೋಟಾರ್‌ಹೋಮಿನ ಬ್ಯಾಟರಿ ಬರಿದಾಗುವುದೇಕೆ? ಎಲ್ಲ ದೀಪಗಳನ್ನೂ ಆರಿಸಿದ ಮೇಲೂ ಅನಿಲದ ಸೋರಿಕೆಯನ್ನು ಎಚ್ಚರಿಸುವ ಉಪಕರಣ, ರೇಡಿಯೋದ ಗಡಿಯಾರ ಮುಂತಾದವು ಅಷ್ಟಿಷ್ಟು ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಒಟ್ಟು ೦.೦೫ ಆಂಪಿಯರ್ ಎಂದಿಟ್ಟುಕೊಳ್ಳೋಣ. ದಿನಕ್ಕೆ ೨೪ ಗಂಟೆಯಂತೆ ೧.೨ ಆಂಪಿಯರ್-ಗಂಟೆ. ೧೦೦ ಆಂಪಿಯರ್-ಗಂಟೆಯ ಬ್ಯಾಟರಿ ಹೀಗೆ ೮೩ ದಿನಗಳಲ್ಲಿ ಮುಗಿಯುತ್ತದೆ. ನವೆಂಬರ್ ೧ರಂದು ನಿಲ್ಲಿಸಿದ ವಾಹನದ ಬ್ಯಾಟರಿ ಜನವರಿ ೨೩ರ ಸುಮಾರಿಗೆ, ಚಳಿ ಅತ್ಯಂತ ಕಠಿಣವಾಗಿರುವ ಹೊತ್ತಿಗೇ, ಬರಿದಾಗಿರುತ್ತದೆ!

ಆದುದರಿಂದ ಪೂರ್ತಿ ಚಾರ್ಜು ಮಾಡಿ ಋಣಧ್ರುವದ ತಂತಿಯನ್ನು ಬಿಚ್ಚಿಡುವುದೇ ಎಲ್ಲಕ್ಕಿಂತ ಅಗ್ಗದ ಉಪಾಯ. ತಿಂಗಳಿಗೊಮ್ಮೆ ವೋಲ್ಟ್‌ಮೀಟರಿನಿಂದ ಪರೀಕ್ಷಿಸಬೇಕು. ವಿಶ್ರಾಂತಿಯಲ್ಲಿರುವ ತುಂಬಿದ ಬ್ಯಾಟರಿ ೧೨.೬ ವೋಲ್ಟಿಗೆ ತುಸು ಮೇಲೆಯೇ ತೋರುತ್ತದೆ, ೧೨.೪ಕ್ಕೆ ಇಳಿಯುವಷ್ಟರಲ್ಲಿ ಚಾರ್ಜು ಮಾಡುವುದು ಲೇಸು. ಹತ್ತಿರದಲ್ಲಿ ವಿದ್ಯುತ್ಸೌಕರ್ಯವಿದ್ದರೆ, ಸುಮಾರು ೧೩.೨ರಿಂದ ೧೩.೫ ವೋಲ್ಟಿನಲ್ಲಿ ನಿಲ್ಲುವ ಸ್ವಯಂನಿಯಂತ್ರಿತ ಚಾರ್ಜರನ್ನು ಜೋಡಿಸಿಡಬಹುದು. ಚಳಿಯಲ್ಲಿ ಇದಕ್ಕಿಂತ ತುಸು ಹೆಚ್ಚು ವೋಲ್ಟೇಜು ಬೇಕಾಗುವುದರಿಂದ ಒಳ್ಳೆಯ ಚಾರ್ಜರು ಉಷ್ಣತೆಯನ್ನೂ ಅಳೆಯುತ್ತದೆ. ಹಳೆಯ ಮಾದರಿಯ ಅನಿಯಂತ್ರಿತ ಚಾರ್ಜರನ್ನು ತಿಂಗಳುಗಟ್ಟಲೆ ಬಿಟ್ಟರೆ ದ್ರವದ ನೀರು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆದು ಹೋಗುತ್ತದೆ, ಫಲಕಗಳ ಮೇಲಂಚು ಒಣಗುತ್ತದೆ. ಮಾಳಿಗೆಯ ಮೇಲೆ ಸೌರಫಲಕವಿದ್ದರೆ ಸಾಕೆನ್ನುವವರೂ ಇದ್ದಾರೆ. ಅದರ ಮೇಲೆ ಹಿಮ ಕವಿದಾಗ ಅದು ಬರಿಯ ಗಾಜಿನ ಹಲಗೆ.

ಒಮ್ಮೆ ಹೆಪ್ಪುಗಟ್ಟಿದ ಬ್ಯಾಟರಿಗೆ ಮಾತ್ರ ಆತುರದಿಂದ ಚಾರ್ಜರು ತಗುಲಿಸಕೂಡದು, ಅದು ಸಿಡಿಯುವ ಅಪಾಯವುಂಟು. ಬೆಚ್ಚನೆಯ ಸ್ಥಳದಲ್ಲಿ ಪೂರ್ಣವಾಗಿ ಕರಗಲು ಬಿಟ್ಟು, ಪೆಟ್ಟಿಗೆ ಬಿರಿದಿದೆಯೇ ಎಂದು ನೋಡಿದ ಬಳಿಕವೇ ಮುಂದಿನ ಮಾತು. ಈಚೆಗೆ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳ ನಿಯಮ ಬೇರೆ: ಶೂನ್ಯ ಡಿಗ್ರಿಯ ಕೆಳಗೆ ಚಾರ್ಜು ಮಾಡಿದರೆ ಋಣಫಲಕದ ಮೇಲೆ ಲಿಥಿಯಂ ಲೋಹವು ಸಂಚಯಿಸಿ ಕೋಶವು ಕೆಡುತ್ತದೆ. ಅವನ್ನು ಸುಮಾರು ಅರ್ಧ ಚಾರ್ಜಿನಲ್ಲಿ, ಸಂಪರ್ಕ ತಪ್ಪಿಸಿ ಇಡುತ್ತಾರೆ.