ರೆಕಾರ್ಡ್ ಒತ್ತಿದ್ಯಾ ಮಗಾ?

ಸ್ಕೇಟ್‌ಬೋರ್ಡ್ ವಿಡಿಯೋ ಅಂದ್ರೆ ಇಬ್ಬರ ಕೆಲಸ. ಒಬ್ಬ ಬೀಳ್ತಾನೆ, ಇನ್ನೊಬ್ಬ ಫೋನ್ ಹಿಡ್ಕೊಂಡಿರ್ತಾನೆ. ಮೂವತ್ತು ಸಲ ಬಿದ್ದು ಮೂವತ್ತೊಂದನೇ ಸಲ ಟ್ರಿಕ್ ಸಿಕ್ಕಾಗ ಫೋನ್ ಹಿಡಿದವನು ವಾಟ್ಸ್ಯಾಪ್ ನೋಡ್ತಿದ್ರೆ, ದಂಡ ಕಟ್ಟೋದು ಬೋರ್ಡ್ ಮೇಲಿರೋನ ಮೊಣಕಾಲು. ಹಾಗಾಗಿ ಈ ಪಾಠ ಕ್ಯಾಮೆರಾ ಹಿಡಿಯೋರಿಗೆ.

ಮೊದಲು ಲೆಕ್ಕ. ಕೈ ಹಚ್ಚದೆ ಬೋರ್ಡ್ ಸಮೇತ ಹಾರೋದಕ್ಕೆ ಆಲಿ ಅಂತಾರೆ. 30 ಸೆಂ.ಮೀ. ಹಾರಿದ್ರು ಅಂತಿಟ್ಕೊಳ್ಳಿ. ಪಿಯುಸಿ ಫಿಸಿಕ್ಸ್ ಸೂತ್ರ ಹಾಕಿದ್ರೆ ಏರಿ ಇಳಿಯೋಕೆ ಹೆಚ್ಚುಕಮ್ಮಿ ಅರ್ಧ ಸೆಕೆಂಡ್. ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ಇಡೀ ಹಾರಾಟಕ್ಕೆ 15 ಫ್ರೇಮ್, 60 ಇಟ್ಟರೆ 30. ಆದ್ದರಿಂದ 60 ಇಡಿ; ಎಡಿಟ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೂ ನಯವಾಗಿರುತ್ತೆ. 240 ಫ್ರೇಮ್‌ನ ಸ್ಲೋ ಮೋಷನ್ ಎಲ್ಲದಕ್ಕೂ ಬೇಡ. ವೇಗ ಹೋದರೆ ಸ್ಕೇಟಿಂಗ್‌ನ ಜೀವವೇ ಹೋಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ರಾತ್ರಿ ಪಾರ್ಕಿಂಗ್ ಶೆಡ್ ಕೆಳಗೆ ತೆಗೆಯೋರಿಗೆ ಇನ್ನೊಂದು ತೊಂದರೆ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಪ್ರೊ ಮೋಡ್‌ನಲ್ಲಿ ಶಟರ್ 1/100ಕ್ಕೆ ಇಟ್ಟರೆ ಪಟ್ಟೆ ಮಾಯ. 240 ಫ್ರೇಮ್‌ನಲ್ಲಿ ಶಟರ್ ಅಷ್ಟು ಹೊತ್ತು ತೆರೆದಿರೋಕೇ ಆಗಲ್ಲ, ಮಿಣುಕು ತಪ್ಪಲ್ಲ. ಆದರೆ 1/100ಕ್ಕೂ ಬೆಲೆ ಇದೆ: ಸೆಕೆಂಡಿಗೆ 4 ಮೀಟರ್ ಹೋಗೋ ಬೋರ್ಡ್ ಅಷ್ಟರಲ್ಲಿ 4 ಸೆಂ.ಮೀ. ಸರಿದು ಮಸುಕಾಗುತ್ತೆ. ಹಗಲಲ್ಲಿ 1/500 ಇಟ್ಟರೆ ಬರೀ 8 ಮಿ.ಮೀ. ಸಾಧ್ಯವಾದರೆ ಹಗಲಲ್ಲೇ ತೆಗೀರಿ. ಬೆರಳನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲದಿದ್ದರೆ ನೆರಳಿಂದ ಬಿಸಿಲಿಗೆ ಬಂದ ಕ್ಷಣ ಮುಖ ಬೆಳ್ಳಗಾಗುತ್ತೆ.

ಎಲ್ಲಿ ನಿಲ್ಲಬೇಕು? ಸ್ಕೇಟರ್‌ಗಳು ಇವತ್ತಿಗೂ ಕೊಂಡಾಡೋ ಕ್ಯಾಮೆರಾ 1995ರ ಸೋನಿ ವಿಎಕ್ಸ್1000. ಅದಕ್ಕೆ ಫಿಶ್‌ಐ ಲೆನ್ಸ್ ಹಾಕಿ, ಮೇಲಿನ ಹಿಡಿ ಹಿಡಿದು, ನೆಲಕ್ಕೆ ತಾಗೋ ಹಾಗೆ ಒಯ್ಯುತ್ತಿದ್ದರು. ನಿಮ್ಮ ಫೋನಿನ 0.5 ಲೆನ್ಸ್ ಅದರ ಬಡ ಸೋದರ. ಫೋನನ್ನು ತಲೆಕೆಳಗೆ ಹಿಡೀರಿ, ಲೆನ್ಸ್ ನೆಲದ ಹತ್ತಿರ ಬರುತ್ತೆ. ಚಿತ್ರ ಉಲ್ಟಾ ಬಂದಿದ್ದರೆ ಆಮೇಲೆ ತಿರುಗಿಸಿಕೊಂಡರಾಯ್ತು. ಈ ಲೆನ್ಸ್‌ಗೆ ದೂರ ಅಂದ್ರೆ ಆಗಲ್ಲ. ಹತ್ತು ಅಡಿ ಆಚೆ ನಿಂತರೆ ಗೆಳೆಯ ಇರುವೆ ಆಗ್ತಾನೆ. ಒಂದು ಮಾರು ಹತ್ತಿರ ಬೇಕು. ಅಷ್ಟು ಹತ್ತಿರ ಹೋದ ಮೇಲೆ ಬೋರ್ಡ್ ಜಾರಿ ನಿಮ್ಮ ಮುಖಕ್ಕೇ ಬರಬಹುದು, ಅದಕ್ಕೇ ಹೆಲ್ಮೆಟ್ ನೀವೂ ಹಾಕಿ. ಅವನು ಯಾವ ಕಡೆ ಬೀಳ್ತಾನೆ ಅಂತ ಮೊದಲು ನಾಲ್ಕು ಸಲ ಕ್ಯಾಮೆರಾ ಇಲ್ಲದೇ ನೋಡಿ. ಧೈರ್ಯ ಸಾಲದಿದ್ದರೆ ದೂರ ನಿಂತು ಜೂಮ್ ಮಾಡಿ, ಆಗ ಕೈ ಅಲ್ಲಾಡಬಾರದು. ಮೆಟ್ಟಿಲು ಹಾರೋದಾದರೆ ಕೆಳಗಿನಿಂದ ತೆಗೀರಿ. ಮೇಲಿಂದ ತೆಗೆದರೆ ಆರು ಮೆಟ್ಟಿಲೂ ಎರಡರ ಹಾಗೆ ಕಾಣುತ್ತೆ, ಪಾಪ.

ಮೊದಲ ಕಾಲು ತಳ್ಳೋ ಮುಂಚೆ ರೆಕಾರ್ಡ್ ಶುರು. ಇಳಿದ ತಕ್ಷಣ "ಯೆಸ್!" ಅಂತ ಫೋನ್ ಎತ್ತಿ ಕುಣೀಬೇಡಿ. ಇಳಿದ ಮೇಲೆ ಬೋರ್ಡ್ ಮೇಲೇ ಉರುಳಿಕೊಂಡು ಹೋದರೇ ಟ್ರಿಕ್ ಲೆಕ್ಕಕ್ಕೆ. ಆ ಎರಡು ಸೆಕೆಂಡ್ ಇಲ್ಲದ ಕ್ಲಿಪ್ ನೋಡಿದವರು "ಬಿದ್ದಿರ್ತಾನೆ ಬಿಡು" ಅಂತಾರೆ. ಚಕ್ರದ ಗರಗರ, ಬೋರ್ಡ್‌ನ ಬಾಲ ನೆಲಕ್ಕೆ ಬಡಿದ ಟಪ್ ಶಬ್ದ ಇವೂ ಬೇಕು. ಮೈಕ್ ಮೇಲೆ ಬೆರಳಿಡಬೇಡಿ, ಎಡಿಟ್‌ನಲ್ಲಿ ಹಾಡು ಹಾಕಿ ಅವನ್ನು ಮುಚ್ಚಲೂಬೇಡಿ.

ಮೂರನೆಯವನೊಬ್ಬ ಇದ್ದರೆ ಒಳ್ಳೇದು. ತಿರುವಿನಲ್ಲಿ ಬರೋ ಬೈಕು, ನಾಯಿ ನೋಡ್ಕೊಳ್ಳೋಕೆ. ಸೆಕ್ಯುರಿಟಿ ಅಣ್ಣನನ್ನು ಮೊದಲೇ ಕೇಳಿ. ಓಡಿಸಿಕೊಂಡು ಬಂದ ಮೇಲೆ ಕೇಳಿದರೆ ಉತ್ತರ ಬೇರೆ ಇರುತ್ತೆ. "ಇನ್ನೊಂದೇ ಸಲ" ಅನ್ನೋ ಹಕ್ಕು ಮಾತ್ರ ಬೋರ್ಡ್ ಮೇಲಿರೋರದು, ನಿಮ್ಮದಲ್ಲ. ಕಾಲು ಸೋತ ಮೇಲೆ ಕ್ಯಾಮೆರಾಗೋಸ್ಕರ ಹಾರಿದವರೇ ಮಣಿಕಟ್ಟು ಮುರ್ಕೊಳ್ಳೋದು. ಬಿದ್ದ ಕ್ಲಿಪ್ ಸ್ಟೇಟಸ್‌ಗೆ ಹಾಕೋ ಮುಂಚೆಯೂ ಅವರನ್ನು ಕೇಳಿ.

ಅಂದಹಾಗೆ, 'ಹರ್' ಚಿತ್ರಕಥೆಗೆ ಆಸ್ಕರ್ ಗೆದ್ದ ಸ್ಪೈಕ್ ಜೋನ್ಸ್ 1991ರಲ್ಲಿ ತೆಗೆದ 'ವಿಡಿಯೋ ಡೇಸ್' ಇಂಥದ್ದೇ ಸ್ಕೇಟ್ ವಿಡಿಯೋ. ಬಿಡುವಾದಾಗ ನೋಡಿ.

ಕ್ಲಿಪ್ ಕಳಿಸುವಾಗ ವಾಟ್ಸ್ಯಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲ ಡ್ರೈವ್‌ಗೆ ಹಾಕಿ. ವಿಡಿಯೋ ಆಗಿ ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತೆ. ಹಾಸ್ಟೆಲ್ ವೈಫೈ ಬೆಳಗಿನ ಜಾವ ನಾಲ್ಕಕ್ಕೆ ಚೆನ್ನಾಗಿರುತ್ತೆ.