ದೊಡ್ಡ ಟಿವಿ ಕೊಳ್ಳುವ ಮುನ್ನ

ಗಂಗಾವತಿಯಲ್ಲಿ ಭತ್ತದ ದುಡ್ಡು ಕೈಸೇರಿದಾಗ, ಕೊಪ್ಪಳ, ಕುಷ್ಟಗಿ, ಯಲಬುರ್ಗಾದಲ್ಲಿ ದೀಪಾವಳಿ ಹತ್ತಿರವಾದಾಗ ಮನೆಮಂದಿಯ ಕಣ್ಣು ದೊಡ್ಡ ಟಿವಿಯ ಮೇಲೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ಗಮನಿಸಿ.

ಮೊದಲು ಪಡಸಾಲೆ ಅಳೆಯಿರಿ. 43 ಇಂಚಿಗೆ ಐದಾರು ಅಡಿ, 55 ಇಂಚಿಗೆ ಏಳೆಂಟು ಅಡಿ ದೂರ ಸಾಕು.

ಅಂಗಡಿಯಲ್ಲಿ ಹೊಳೆಯುವ ಡೆಮೊ ವಿಡಿಯೊ ನೋಡಿ ಮರುಳಾಗಬೇಡಿ. ಮಾಮೂಲಿ ಕನ್ನಡ ಚಾನೆಲ್ ಹಾಕಿಸಿ, ಮುಖದ ಬಣ್ಣ ಸಹಜವಾಗಿದೆಯೇ ನೋಡಿ. ಪಕ್ಕಕ್ಕೆ ಸರಿದು ನಿಂತೂ ನೋಡಿ: ಮನೆ ತುಂಬ ಜನ ಕೂತಾಗ ಪಕ್ಕದಿಂದಲೂ ಬಣ್ಣ ಮಾಸದ ಐಪಿಎಸ್ ಪ್ಯಾನೆಲ್ (ಪರದೆ) ಒಳ್ಳೆಯದು, ಕತ್ತಲೆ ಕೋಣೆಯಲ್ಲಿ ವಿಎ ಪ್ಯಾನೆಲ್ಲಿನ ಕಪ್ಪು ಗಾಢ. ನಮ್ಮ ಬಿಸಿಲಿನ ಬೆಳಕು ಬೀಳುವ ಕಿಟಕಿಯೆದುರು ಮಾತ್ರ ಯಾವುದನ್ನೂ ಇಡಬೇಡಿ. ಕ್ಯೂಎಲ್‌ಇಡಿ ಎಂಬ ಹೆಸರಿಗೆ ಬೆರಗಾಗಬೇಕಿಲ್ಲ. ಅದೂ ಹಿಂದಿನಿಂದ ಬೆಳಕು ಬಿಡುವ ಎಲ್‌ಸಿಡಿಯೇ.

ತೆಳು ಟಿವಿಯ ಸ್ಪೀಕರ್ ಸಾಮಾನ್ಯವಾಗಿ ಕೆಳಮುಖವಾಗಿರುವುದರಿಂದ ಮಾತು ಮಂಕಾಗಿ ಕೇಳುತ್ತದೆ. ಮುಂದೆ ಸೌಂಡ್‌ಬಾರ್ ಜೋಡಿಸಲು ಎಚ್‌ಡಿಎಂಐ ಎಆರ್‌ಸಿ ಎಂಬ ಪೋರ್ಟ್ ಇರುವ ಟಿವಿಯನ್ನೇ ಆರಿಸಿ. ಸ್ಮಾರ್ಟ್ ಸೌಲಭ್ಯಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಇರಲಿ. ಕಡಿಮೆಯಾದರೆ ಆ್ಯಪ್‌ಗಳು ತಡವರಿಸುತ್ತವೆ. 4ಕೆ ಚಿತ್ರಕ್ಕೆ ಸುಮಾರು 25 ಎಂಬಿಪಿಎಸ್ ಇಂಟರ್ನೆಟ್ಟೂ ಬೇಕು.

ಕೊನೆಗೊಂದು ಮಾತು: ರಿಪೇರಿಯವರು ನಿಮ್ಮೂರಿಗೇ ಬರುತ್ತಾರೆಯೇ, ಪ್ಯಾನೆಲ್ಲಿಗೆ ಎಷ್ಟು ವರ್ಷದ ವಾರಂಟಿ ಎಂಬುದನ್ನು ದುಡ್ಡು ಎಣಿಸುವ ಮೊದಲೇ ಕೇಳಿ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನೂ ಡಿಶ್ಶಿನ ಕೇಬಲ್ಲನ್ನೂ ಕಿತ್ತಿಡಿ.