ಪಟಾಕಿ ಸದ್ದಿಗೆ ಅವನು ಯಾಕೆ ನೆಲಕ್ಕೆ ಬಿದ್ದ?

ಈ ಸಲದ ಲೇಖನವನ್ನು ನಮ್ಮದೇ ಒಂದು ತಪ್ಪಿನಿಂದ ಶುರು ಮಾಡ್ತೀವಿ.

ಹೋದ ದೀಪಾವಳಿಗೆ ಊರಿಗೆ ಹೋಗದೆ ಹಾಸ್ಟೆಲ್‌ನಲ್ಲೇ ಉಳಿದವರು ನಾವು ಏಳೆಂಟು ಜನ. ರಾತ್ರಿ ಊಟ ಮುಗಿಸಿ ಮೆಸ್‌ನಿಂದ ಬರುವಾಗ, ಮುಂದೆ ನಡೀತಿದ್ದ ಗೆಳೆಯನ ಹಿಂದೆ ಒಂದು ಪಟಾಕಿ ಹಚ್ಚಿ ಎಸೆದೆವು. ಸುಮ್ನೆ ತಮಾಷೆಗೆ. ಸದ್ದಾದ ತಕ್ಷಣ ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಬಿದ್ದ. ನಾವು ನಕ್ಕೆವು. ಅವನು ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಮೈಯೆಲ್ಲಾ ಬೆವರು, ಕೈ ನಡುಗ್ತಾ ಇತ್ತು. "ಏನೋ ಇದು, ಇಷ್ಟಕ್ಕೆಲ್ಲಾ ಹೆದರ್ತೀಯಾ?" ಅಂತ ನಮ್ಮಲ್ಲೊಬ್ಬ ಕೇಳಿದ. ಅವನು ಏನೂ ಹೇಳದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಎರಡು ದಿನ ನಮ್ಮ ಜೊತೆ ಮಾತಿಲ್ಲ.

ಆಮೇಲೆ ಅವನೇ ಹೇಳಿದ. 2024ರ ಮಾರ್ಚ್ 1ರ ಮಧ್ಯಾಹ್ನ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಒಂದು ಹೋಟೆಲ್ ಒಳಗೆ ಬಾಂಬ್ ಸಿಡಿದಾಗ ಅವನು ರಸ್ತೆಯ ಆಚೆ ಬದಿಯಲ್ಲಿದ್ದ. ಹನ್ನೆರಡನೇ ಕ್ಲಾಸಿನ ಎರಡು ಪರೀಕ್ಷೆಗಳ ನಡುವಿನ ರಜೆ, ಜೆರಾಕ್ಸ್ ಮಾಡಿಸೋಕೆ ಅಂತ ಹೊರಟಿದ್ದ. ಅವನಿಗೆ ಒಂದು ಗೀರೂ ಆಗಲಿಲ್ಲ. ಆದರೆ ಹೊಗೆ, ಕಿರುಚುತ್ತಾ ಓಡಿಬಂದ ಜನ, ರಕ್ತ ಎಲ್ಲವನ್ನೂ ನೋಡಿದ. ಮನೆಯವರು, ನೆಂಟರು ಎಲ್ಲರೂ "ದೇವರು ದೊಡ್ಡವನು, ನಿನಗೇನೂ ಆಗಲಿಲ್ಲ" ಅಂದರು. ಅಲ್ಲಿಂದ ಆ ವಿಷಯವನ್ನು ಯಾರ ಹತ್ರ ಹೇಳೋಕೂ ಅವನಿಗೆ ನಾಚಿಕೆ. ಏನೂ ಆಗದೇ ಇದ್ದವನು ಏನಂತ ಹೇಳಬೇಕು?

ಅವನ ಒಪ್ಪಿಗೆ ತಗೊಂಡೇ ಇದನ್ನು ಬರೀತಿದ್ದೀವಿ, ಹೆಸರು ಮಾತ್ರ ಬೇಡ ಅಂದ. "ನನಗೇನೂ ಆಗಿಲ್ಲ ಅಂದ್ಮೇಲೆ ಇದು ಯಾಕೆ ಹೋಗ್ತಿಲ್ಲ?" ಅನ್ನೋದು ಅವನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕ್ತಾ ನಾವು ಓದಿ ತಿಳಿದುಕೊಂಡಿದ್ದು ಇಲ್ಲಿದೆ. ನಾವು ಎಂಜಿನಿಯರಿಂಗ್ ಓದೋರು, ಡಾಕ್ಟರಲ್ಲ. ಹಾಗಾಗಿ ಇದು ಚಿಕಿತ್ಸೆಯ ಸಲಹೆ ಅಲ್ಲ, ಅರ್ಥ ಮಾಡಿಕೊಳ್ಳೋ ಪ್ರಯತ್ನ ಅಷ್ಟೇ.

ಕಣ್ಣಾರೆ ಕಂಡರೂ ಗಾಯವೇ

ಆಘಾತದ ನಂತರ ಉಳಿದುಬಿಡೋ ಈ ತೊಂದರೆಗೆ ಪಿಟಿಎಸ್‌ಡಿ ಅಂತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಈ ಹೆಸರು ಸೇರಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಪಾಡು ಅದಕ್ಕೆ ಒಂದು ಮುಖ್ಯ ಕಾರಣ. ಆದರೆ ಇದು ಬರೀ ಸೈನಿಕರಿಗೆ ಬರೋದಲ್ಲ. 2013ರ ಐದನೇ ಆವೃತ್ತಿಯ ಪ್ರಕಾರ, ಸಾವಿನ ಅಥವಾ ದೊಡ್ಡ ಗಾಯದ ಘಟನೆ ನಮ್ಮ ಮೇಲೇ ನಡೆದಿರಬೇಕು ಅಂತಿಲ್ಲ. ಬೇರೆಯವರಿಗೆ ಆಗೋದನ್ನು ಕಣ್ಣೆದುರೇ ನೋಡಿದರೂ ಅದು ಲೆಕ್ಕಕ್ಕೆ ಬರುತ್ತೆ.

ಲಕ್ಷಣಗಳನ್ನು ನಾಲ್ಕು ಗುಂಪು ಮಾಡಿದ್ದಾರೆ:

1. ಘಟನೆ ಮತ್ತೆ ಮತ್ತೆ ನುಗ್ಗಿ ಬರೋದು: ಕೆಟ್ಟ ಕನಸು, ಬೇಡ ಅಂದರೂ ಕಣ್ಮುಂದೆ ಬರೋ ದೃಶ್ಯ.
2. ತಪ್ಪಿಸಿಕೊಳ್ಳೋದು: ಆ ಜಾಗ, ಆ ಮಾತು, ಅಂಥ ಜನಸಂದಣಿಯಿಂದ ದೂರ ಇರೋದು.
3. ಮನಸ್ಸು ಮತ್ತು ಯೋಚನೆ ಬದಲಾಗೋದು: "ನಾನೇ ಏನಾದ್ರೂ ಮಾಡಬಹುದಿತ್ತು" ಅನ್ನೋ ಅಪರಾಧಿ ಭಾವ, ಯಾವುದರಲ್ಲೂ ಖುಷಿ ಇಲ್ಲದಿರೋದು.
4. ದೇಹ ಯಾವಾಗಲೂ ಎಚ್ಚರದಲ್ಲಿರೋದು: ಬೆಚ್ಚಿಬೀಳೋದು, ನಿದ್ದೆ ಬಾರದಿರೋದು, ಸಿಡುಕು, ಓದಿನಲ್ಲಿ ಗಮನ ನಿಲ್ಲದಿರೋದು.

ದೊಡ್ಡ ಘಟನೆ ಆದ ಮೊದಲ ಕೆಲವು ದಿನ ಇವೆಲ್ಲಾ ಸುಮಾರು ಜನರಿಗೆ ಆಗುತ್ತೆ, ಹೆಚ್ಚಿನವರು ನಿಧಾನಕ್ಕೆ ಚೇತರಿಸಿಕೊಳ್ತಾರೆ. ಒಂದು ತಿಂಗಳು ದಾಟಿದ ಮೇಲೂ ಹೋಗದೆ, ದಿನದ ಬದುಕಿಗೆ ಅಡ್ಡಿ ಆದಾಗ ಮಾತ್ರ ವೈದ್ಯರು ಪಿಟಿಎಸ್‌ಡಿ ಬಗ್ಗೆ ಯೋಚಿಸ್ತಾರೆ.

ತಾರೀಖಿಲ್ಲದ ನೆನಪು

ನಮಗೆ ಗೊತ್ತಿರೋ ಭಾಷೆಯಲ್ಲಿ ಹೇಳೋದಾದ್ರೆ, ಮೆದುಳಿನ ಅಮಿಗ್ಡಾಲಾ ಅನ್ನೋ ಭಾಗ ಹೊಗೆ ಪತ್ತೆ ಮಾಡೋ ಅಲಾರಂ ಥರ. ಅಪಾಯದ ಸುಳಿವು ಸಿಕ್ಕರೆ ಸಾಕು, ನಾವು ಯೋಚನೆ ಮಾಡೋ ಮೊದಲೇ ಅದು ಹೃದಯಬಡಿತ ಏರಿಸಿ, ಸ್ನಾಯು ಬಿಗಿಸಿ ದೇಹವನ್ನು ಸಿದ್ಧ ಮಾಡುತ್ತೆ. ಹಿಪೊಕ್ಯಾಂಪಸ್ ಅನ್ನೋ ಇನ್ನೊಂದು ಭಾಗ ಆ ನೆನಪಿಗೆ ಯಾವಾಗ, ಎಲ್ಲಿ ಅನ್ನೋ ವಿವರ ಸೇರಿಸುತ್ತೆ. ವಿಪರೀತ ಭಯದಲ್ಲಿ ಈ ಎರಡನೇ ಕೆಲಸ ಸರಿಯಾಗಿ ಆಗೋದಿಲ್ಲ ಅನ್ನೋದು ಸಂಶೋಧಕರು ಕೊಡೋ ಒಂದು ವಿವರಣೆ. ಲಾಗ್ ಫೈಲ್‌ನಲ್ಲಿ ಎರರ್ ದಾಖಲಾಗಿದೆ, ಟೈಮ್‌ಸ್ಟ್ಯಾಂಪ್ ಮಾತ್ರ ಇಲ್ಲ ಅಂದುಕೊಳ್ಳಿ.

ಹಾಗಾಗಿ ಅದೇ ಥರದ ಸದ್ದು ಕೇಳಿದಾಗ "ಇದು ಅವತ್ತು ಆಗಿದ್ದು" ಅಂತ ಅನ್ನಿಸೋದಿಲ್ಲ, "ಈಗ ಆಗ್ತಿದೆ" ಅಂತಲೇ ಅನ್ನಿಸುತ್ತೆ. ನಮ್ಮ ಗೆಳೆಯ ನೆಲಕ್ಕೆ ಬಿದ್ದಿದ್ದು ಪುಕ್ಕಲುತನದಿಂದ ಅಲ್ಲ. ಒಂದು ಸಲ ಜೀವ ಉಳಿಸಿಕೊಳ್ಳೋಕೆ ಸಿದ್ಧವಾಗಿದ್ದ ದೇಹ ಇನ್ನೊಂದು ಸಲ ಅದೇ ಕೆಲಸ ಮಾಡಿತು, ಅಷ್ಟೇ.

ಉಟೋಯಾದ ನಮ್ಮ ವಯಸ್ಸಿನವರು

ಇಂಥ ಗಾಯ ಎಷ್ಟು ದಿನ ಉಳಿಯುತ್ತೆ, ಸುತ್ತಲಿನವರು ಏನು ಮಾಡಬಹುದು ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ನಾರ್ವೆ ದೇಶದ ಉದಾಹರಣೆ. 2011ರ ಜುಲೈ 22ರಂದು ಬಲಪಂಥೀಯ ಉಗ್ರನೊಬ್ಬ ಮೊದಲು ರಾಜಧಾನಿ ಓಸ್ಲೋದಲ್ಲಿ ಬಾಂಬ್ ಸಿಡಿಸಿ 8 ಜನರನ್ನು ಕೊಂದ. ಆಮೇಲೆ ಪೊಲೀಸ್ ವೇಷದಲ್ಲಿ ಉಟೋಯಾ ಅನ್ನೋ ಪುಟ್ಟ ದ್ವೀಪಕ್ಕೆ ಹೋದ. ಅಲ್ಲಿ ಒಂದು ಪಕ್ಷದ ಯುವ ಘಟಕದ ಬೇಸಿಗೆ ಶಿಬಿರ ನಡೀತಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಗುಂಡು ಹಾರಿಸಿ 69 ಜನರನ್ನು ಕೊಂದ. ಅಲ್ಲಿದ್ದವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು. ಕೆಲವರು ಬಂಡೆಗಳ ಸಂದಿಯಲ್ಲಿ ಅಡಗಿದರು, ಕೆಲವರು ತಣ್ಣಗಿನ ಸರೋವರಕ್ಕೆ ಹಾರಿ ಈಜಿದರು. ನಿಜವಾದ ಪೊಲೀಸರು ಬಂದಾಗ ಅವರನ್ನೂ ನಂಬೋಕೆ ಹಲವರಿಗೆ ಆಗಲಿಲ್ಲ. ಕಾಪಾಡೋರ ವೇಷದಲ್ಲೇ ಕೊಲೆಗಾರ ಬಂದಿದ್ದನಲ್ಲ.

ನಾರ್ವೆಯ ಸಂಶೋಧಕರು ಬದುಕುಳಿದವರಲ್ಲಿ 300ಕ್ಕೂ ಹೆಚ್ಚು ಜನರನ್ನು ನಾಲ್ಕೈದು ತಿಂಗಳ ನಂತರ ಭೇಟಿಯಾಗಿ ಮಾತಾಡಿಸಿದರು, ಮುಂದೆ ವರ್ಷಗಟ್ಟಲೆ ಅಧ್ಯಯನ ಮುಂದುವರಿಸಿದರು. ಮೊದಲ ಭೇಟಿಯಲ್ಲಿ ಅವರ ಆಘಾತದ ಲಕ್ಷಣಗಳು ಸಾಮಾನ್ಯ ಜನರಿಗಿಂತ ಆರು ಪಟ್ಟಿಗೂ ಹೆಚ್ಚಿದ್ದವು. ಓದುತ್ತಿದ್ದವರ ಅಂಕಗಳು ದಾಳಿಯ ನಂತರದ ವರ್ಷ ಕುಸಿದವು, ಗೈರುಹಾಜರಿ ಜಾಸ್ತಿಯಾಯ್ತು. ಶಾಲೆಯ ಕೊನೇ ವರ್ಷದ ಹೊತ್ತಿಗೆ ಅಂಕಗಳು ಮತ್ತೆ ಏರಿದವು. ಇದನ್ನು ಓದಿದಾಗ ನಮಗೆ ನಮ್ಮ ಗೆಳೆಯನ ಮೊದಲ ಸೆಮಿಸ್ಟರ್ ನೆನಪಾಯ್ತು. ಅಟೆಂಡೆನ್ಸ್ ಕಮ್ಮಿ ಇದೆ ಅಂತ ಅವನಿಗೆ "ಸೋಮಾರಿ" ಅಂತ ಹೆಸರಿಟ್ಟಿದ್ದೂ ನಾವೇ.

ಅಲ್ಲಿ ಮಾಡಿದ ಒಂದು ಕೆಲಸ ನಮಗೆ ತುಂಬಾ ಹಿಡಿಸಿತು. ಬದುಕುಳಿದವರು ತಾವಾಗೇ ಬಂದು ಸಹಾಯ ಕೇಳಲಿ ಅಂತ ಅವರು ಕಾಯಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಊರಿನಲ್ಲೇ ಒಬ್ಬ ಸಂಪರ್ಕ ವ್ಯಕ್ತಿಯನ್ನು ಕೊಟ್ಟು, ಅವರೇ ಮುಂದಾಗಿ ಕನಿಷ್ಠ ಒಂದು ವರ್ಷ ವಿಚಾರಿಸುತ್ತಿರಬೇಕು ಅಂತ ವ್ಯವಸ್ಥೆ ಮಾಡಿದರು. ತಪ್ಪಿಸಿಕೊಳ್ಳೋದೇ ಈ ತೊಂದರೆಯ ಲಕ್ಷಣ ಆಗಿರುವಾಗ, ನರಳ್ತಿರೋನೇ ಬಂದು ಬಾಗಿಲು ತಟ್ಟಲಿ ಅನ್ನೋದು ಹೇಗೆ ಸರಿ?

ಸಿವಿಲ್ ಬ್ರಾಂಚ್ ಗೆಳೆಯರಿಗೆ ಒಂದು ವಿಷಯ. ದ್ವೀಪದ ಕೆಫೆ ಕಟ್ಟಡದೊಳಗೇ 13 ಜನ ಸತ್ತಿದ್ದರು. ಅದರ ಒಂದು ಭಾಗವನ್ನು ಕೆಡವದೆ ಉಳಿಸಿ, ಸುತ್ತ ಹೆಗ್ನ್‌ಹೂಸೆಟ್ ಅನ್ನೋ ಕಲಿಕಾ ಕೇಂದ್ರ ಕಟ್ಟಿದ್ದಾರೆ. ಒಳಗೆ ಮಾಡನ್ನು ಹೊತ್ತ 69 ಮರದ ಕಂಬಗಳು, ಸತ್ತವರಿಗಾಗಿ. ಹೊರಗೆ ಸುತ್ತುವರಿದ 495 ಕಂಬಗಳು, ಬದುಕುಳಿದವರಿಗಾಗಿ. ಸ್ಮಾರಕ ಅಂದರೆ ನಾವು ಸತ್ತವರನ್ನು ಮಾತ್ರ ಎಣಿಸ್ತೀವಿ. ಇಲ್ಲಿ ಉಳಿದವರನ್ನೂ ಎಣಿಸಿದ್ದಾರೆ.

ಫಾರ್ವರ್ಡ್ ಮಾಡೋ ಮುನ್ನ

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್‌ನಲ್ಲಿ 26 ಜನರನ್ನು ಕೊಂದಾಗ, ಅವತ್ತು ರಾತ್ರಿಯೇ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ವಿಡಿಯೋಗಳು ಬಂದವು. ನಾವೂ ಮುಂದಕ್ಕೆ ಕಳಿಸಿದೆವು. ನಮ್ಮ ಗೆಳೆಯ ಆವತ್ತೇ ಗ್ರೂಪ್ ಬಿಟ್ಟ. ಯಾಕೆ ಅಂತ ಯಾರೂ ಕೇಳಲಿಲ್ಲ.

2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟ ಆದಮೇಲೆ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಸಮೀಕ್ಷೆ ಮಾಡಿದರು. ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚು ತೀವ್ರ ಒತ್ತಡದ ಲಕ್ಷಣಗಳನ್ನು ಹೇಳಿಕೊಂಡರು. ಇದಕ್ಕೆ ಪಿಟಿಎಸ್‌ಡಿ ಅನ್ನೋಕಾಗಲ್ಲ, ಆದರೂ ಇದು ಸಣ್ಣ ವಿಷಯ ಅಲ್ಲ. ದೂರದಲ್ಲಿ ಕೂತು ನೋಡಿದವರಿಗೇ ಹೀಗಾದರೆ, ಮೊದಲೇ ಅಂಥದ್ದನ್ನು ಕಣ್ಣಾರೆ ಕಂಡವರ ಫೋನಿಗೆ ಆ ವಿಡಿಯೋ ಬಂದರೆ?

ವಾಸಿ ಆಗುತ್ತಾ?

ಆಗುತ್ತೆ, ಸುಮಾರು ಜನರಿಗೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಸುರಕ್ಷಿತ ಜಾಗದಲ್ಲಿ, ತರಬೇತಿ ಇರೋ ತಜ್ಞರ ಜೊತೆ, ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸೋದು ಇವುಗಳಲ್ಲಿ ಮುಖ್ಯ. ಹಳೆಯ ನೆನಪು ಡಿಲೀಟ್ ಆಗಲ್ಲ. "ಈ ಸದ್ದು ಅಂದರೆ ಯಾವಾಗಲೂ ಬಾಂಬ್ ಅಲ್ಲ" ಅನ್ನೋ ಹೊಸ ಕಲಿಕೆ ಅದರ ಜೊತೆ ಸೇರುತ್ತೆ.

ಇದು ತಜ್ಞರ ಕೆಲಸ, ರೂಮ್‌ಮೇಟ್ ಕೆಲಸ ಅಲ್ಲ. ಆದರೆ ರೂಮ್‌ಮೇಟ್ ಮಾಡೋ ಕೆಲಸವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಮಾತು ಹೇಳುತ್ತೆ: ನೋಡು, ಕೇಳು, ಜೋಡಿಸು. ಅವನಿಗೆ ಏನು ಬೇಕಾಗಿದೆ ಅಂತ ನೋಡಿ. ಹೇಳಿದರೆ ಕೇಳಿ, "ಏನೇನಾಯ್ತು ಹೇಳು" ಅಂತ ಕೆದಕಬೇಡಿ. ಸಹಾಯ ಮಾಡಬಲ್ಲವರ ಜೊತೆ ಜೋಡಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

"ಮರೆತುಬಿಡು", "ಗಂಡಸಾಗಿ ಹೀಗೆ ಹೆದರ್ತೀಯಾ", "ನಿನಗೇನೂ ಆಗಿಲ್ಲವಲ್ಲ" ಈ ಮೂರು ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಮೂರನ್ನೂ ನಾವು ಹೇಳಿದ್ದೀವಿ, ಅದಕ್ಕೇ ಹೇಳ್ತಿದ್ದೀವಿ.

ನಮ್ಮ ಗೆಳೆಯ ಈಗ ಕೌನ್ಸೆಲರ್ ಹತ್ರ ಹೋಗ್ತಿದ್ದಾನೆ. ಮೊದಲ ದಿನ ನಮ್ಮಲ್ಲೊಬ್ಬ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ನಮ್ಮ ಕ್ಯಾಂಪಸ್‌ನಲ್ಲಿ ಪಟಾಕಿ ಬರೀ ದೀಪಾವಳಿಗಲ್ಲ, ಗಣೇಶನನ್ನು ಬಿಡೋಕೂ ಬೇಕು, ಮ್ಯಾಚ್ ಗೆದ್ದರೂ ಬೇಕು. ಹೊಡೀಲೇಬೇಡಿ ಅಂತ ಅವನೂ ಹೇಳಿಲ್ಲ. "ಮೊದಲೇ ಒಂದು ಮಾತು ಹೇಳಿ, ಅಷ್ಟು ಸಾಕು" ಅಂದಿದ್ದಾನೆ.

ಮುಂದಿನ ಸಲ ಬತ್ತಿಗೆ ಬೆಂಕಿ ಹಚ್ಚೋ ಮೊದಲು ಒಂದು ಕೂಗು ಹಾಕಿ. ನಿಮ್ಮ ಹಾಸ್ಟೆಲ್‌ನಲ್ಲೂ ಇಂಥ ಒಬ್ಬರು ಇರಬಹುದು, ಇನ್ನೂ ಯಾರಿಗೂ ಹೇಳಿರಲಿಕ್ಕಿಲ್ಲ.